ಪ್ರಾಚೀನ ಯುಗದ ಪುಟಾಣಿ ಸೇನೆಗಳ ಯುದ್ಧದಾಟ

ಬೆರಳುದ್ದದ ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚಿ, ತೆಳು ಹಲಗೆಯ ತುಂಡುಗಳ ಮೇಲೆ ಸಾಲಾಗಿ ಅಂಟಿಸಿ, ಮೇಜಿನ ಮೇಲೆ ಸಿದ್ಧಪಡಿಸಿದ ರಣಭೂಮಿಯಲ್ಲಿ ಅಳತೆಪಟ್ಟಿ, ದಾಳ ಮತ್ತು ನಿಯಮಪುಸ್ತಕದ ನೆರವಿನಿಂದ ಹಿಂದಿನ ಕಾಲದ ಯುದ್ಧಗಳನ್ನು ಆಡುವ ಹವ್ಯಾಸವನ್ನು ಮಿನಿಯೇಚರ್ ವಾರ್‌ಗೇಮಿಂಗ್ ಎನ್ನುತ್ತಾರೆ. ಅದರ ಒಂದು ದೊಡ್ಡ ಶಾಖೆ ಪ್ರಾಚೀನ ಯುಗದ್ದು. ಸುಮೇರಿನ ರಥಗಳಿಂದ ಹಿಡಿದು, ಕೋವಿಮದ್ದು ರಣರಂಗವನ್ನು ಆಳತೊಡಗಿದ ಸುಮಾರು ಕ್ರಿ.ಶ. 1500ರವರೆಗಿನ ನಾಲ್ಕೂವರೆ ಸಾವಿರ ವರ್ಷಗಳನ್ನೆಲ್ಲ ಈ ಶಾಖೆ ತನ್ನದೆನ್ನುತ್ತದೆ. ಹೊರಗಿನವರಿಗೆ ಇದು ದೊಡ್ಡವರ ಗೊಂಬೆಯಾಟವಾಗಿ ಕಾಣುವುದು ಸಹಜ. ಆದರೆ ಇತಿಹಾಸದ ಓದಿಗೆ ಇದು ಒಡ್ಡುವ ಸವಾಲನ್ನು ಹಗುರವಾಗಿ ಕಾಣುವಂತಿಲ್ಲ. ಕಾಲಾಳುಗಳು ಆನೆಗಳ ಹಿಂದೆ ನಿಂತಿದ್ದರು ಎಂದು ಬರೆದು ಇತಿಹಾಸಕಾರ ಮುಂದಿನ ವಾಕ್ಯಕ್ಕೆ ಹೋಗಿಬಿಡಬಹುದು. ಗೊಂಬೆ ನಿಲ್ಲಿಸುವವನಿಗೆ ಆ ಸೌಕರ್ಯವಿಲ್ಲ. ಎಷ್ಟು ಸಾಲು, ಎಷ್ಟು ಅಂತರ, ಗುರಾಣಿ ಯಾವ ಆಕಾರದ್ದು, ಉಡುಪು ಯಾವ ಬಣ್ಣದ್ದು ಎಂಬುದಕ್ಕೆಲ್ಲ ಆಧಾರ ಇದ್ದರೂ ಇಲ್ಲದಿದ್ದರೂ ಅವನು ಉತ್ತರ ಕೊಟ್ಟೇ ತೀರಬೇಕು. ಈ ಹವ್ಯಾಸದ ಶಕ್ತಿ ಇರುವುದು ಈ ಬಲವಂತದಲ್ಲಿ. ಅಪಾಯ ಇರುವುದೂ ಅಲ್ಲೇ. ಒಮ್ಮೆ ಬಣ್ಣ ಹಚ್ಚಿ ನಿಲ್ಲಿಸಿದ ಊಹೆ ನೋಡುವವರ ಕಣ್ಣಿಗೆ ಸಂಗತಿಯಂತೆಯೇ ಕಾಣುತ್ತದೆ.

ಯುದ್ಧವನ್ನು ಹಲಗೆಯ ಮೇಲೆ ಆಡುವ ಆಸೆ ಹಳೆಯದು. ರಥ, ಗಜ, ತುರಗ, ಪದಾತಿಗಳ ಚತುರಂಗ ನಮ್ಮಲ್ಲೇ ಹುಟ್ಟಿತು. ಅದರಿಂದ ಬೆಳೆದ ಚೆಸ್ಸನ್ನು ಬುನಾದಿಯಾಗಿಟ್ಟುಕೊಂಡು ಬ್ರನ್ಸ್‌ವಿಕ್‌ನ ಗಣಿತಜ್ಞ ಹೆಲ್‌ವಿಗ್ 1780ರಲ್ಲಿ ಹೆಚ್ಚಿನ ಚೌಕಗಳ, ಬಗೆಬಗೆಯ ನೆಲದ ಯುದ್ಧದಾಟವೊಂದನ್ನು ರಚಿಸಿದ. ಪ್ರಷ್ಯಾದ ರೈಸ್‌ವಿಟ್ಸ್ ತಂದೆ–ಮಗ ಚೌಕಗಳನ್ನು ಕಿತ್ತುಹಾಕಿದರು. ಮಗ 1824ರಲ್ಲಿ ಪ್ರಕಟಿಸಿದ ಕ್ರೀಗ್ಸ್‌ಷ್ಪೀಲ್ ನಕ್ಷೆ, ದಾಳ ಮತ್ತು ತೀರ್ಪುಗಾರನ ಸಹಾಯದಿಂದ ಸೇನಾಧಿಕಾರಿಗಳಿಗೆ ತರಬೇತಿ ಕೊಡುವ ಸಾಧನವಾಯಿತು. ಇದನ್ನು ಮನೆಯ ನೆಲಕ್ಕೆ, ಬಿಡುವಿನ ಹೊತ್ತಿಗೆ ತಂದವನು ಎಚ್. ಜಿ. ವೆಲ್ಸ್. 1913ರಲ್ಲಿ ಬಂದ ಅವನ 'ಲಿಟ್ಲ್ ವಾರ್ಸ್' ಪುಸ್ತಕದ ಆಟದಲ್ಲಿ ಸ್ಪ್ರಿಂಗ್ ತೋಪಿನಿಂದ ಸಣ್ಣ ಮರದ ತುಂಡನ್ನು ಹಾರಿಸಿ ಗೊಂಬೆಗಳನ್ನು ನಿಜವಾಗಿಯೇ ಬೀಳಿಸುತ್ತಿದ್ದರು. ಪ್ರಾಚೀನ ಯುಗದ ಆಟಕ್ಕೆ ಈ ಸುಲಭೋಪಾಯ ದಕ್ಕಲಿಲ್ಲ. ತೋಪಿಲ್ಲದ ಕಾಲದಲ್ಲಿ ಎಲ್ಲವೂ ನಿರ್ಧಾರವಾಗುವುದು ಎರಡು ಸಾಲುಗಳು ಮುಖಾಮುಖಿಯಾದ ಕ್ಷಣದಲ್ಲಿ. ಪ್ರಾಚೀನ ಬರಹಗಾರರು ಅತಿ ಕಡಿಮೆ ವಿವರಿಸಿರುವುದೂ ಆ ಕ್ಷಣವನ್ನೇ. ಆದ್ದರಿಂದ ಈ ಶಾಖೆಯ ನಿಯಮಕಾರರು ಮೊದಲ ದಿನದಿಂದಲೇ ಗ್ರಂಥಗಳ ಸಾಲುಗಳ ನಡುವೆ ಇಣುಕಬೇಕಾಯಿತು.

ಹವ್ಯಾಸಕ್ಕೆ ಈಗಿನ ರೂಪ ಬಂದದ್ದು ಇಂಗ್ಲೆಂಡಿನ ಬಂದರು ಪಟ್ಟಣ ಸೌತಾಂಪ್ಟನ್‌ನಲ್ಲಿ, ಎರಡನೆಯ ಮಹಾಯುದ್ಧದ ನಂತರ. ಅಲ್ಲಿನ ಟೋನಿ ಬಾತ್ ಜರ್ಮನಿಯ ಚಪ್ಪಟೆ ತವರ ಗೊಂಬೆಗಳಿಂದ ಪ್ರಾಚೀನ ಸೇನೆಗಳನ್ನು ಕಟ್ಟಿದ. ಅವನ ನಿಯಮಗಳನ್ನು ಡೊನಾಲ್ಡ್ ಫೆದರ್‌ಸ್ಟೋನ್ ತನ್ನ 1962ರ 'ವಾರ್ ಗೇಮ್ಸ್' ಪುಸ್ತಕದಲ್ಲಿ ಅಚ್ಚು ಮಾಡಿದ. 1965ರಲ್ಲಿ ಬಾತ್ ಸ್ಥಾಪಿಸಿದ ಸೊಸೈಟಿ ಆಫ್ ಏನ್ಷಿಯಂಟ್ಸ್ ಮತ್ತು ಅದರ ಪತ್ರಿಕೆ 'ಸ್ಲಿಂಗ್‌ಶಾಟ್' ಆಟಗಾರರನ್ನೂ ಅಭಿಜಾತ ಸಾಹಿತ್ಯದ ಓದುಗರನ್ನೂ ಒಂದೇ ಜಗಲಿಗೆ ಕರೆತಂದವು. ಅದೇ ದಶಕದಲ್ಲಿ ಏರ್‌ಫಿಕ್ಸ್ ಕಂಪನಿ ಅಗ್ಗದ ಪ್ಲಾಸ್ಟಿಕ್ ರೋಮನ್ನರನ್ನೂ ಪ್ರಾಚೀನ ಬ್ರಿಟನ್ನರನ್ನೂ ಪೆಟ್ಟಿಗೆಯಲ್ಲಿ ತುಂಬಿ ಮಾರಿತು. ಆ ಮೆದು ಪ್ಲಾಸ್ಟಿಕ್ ಮೇಲೆ ಹಚ್ಚಿದ ಬಣ್ಣ ಚಕ್ಕೆಯೆದ್ದು ಉದುರುತ್ತಿತ್ತು, ಆದರೂ ಹುಡುಗರ ಕೈಗೆ ಎಟುಕುವ ಬೆಲೆಗೆ ಒಂದು ಸೇನೆ ಸಿಕ್ಕಿತು. 1969ರಲ್ಲಿ ಫಿಲ್ ಬಾರ್ಕರ್ ಮತ್ತು ಸಂಗಡಿಗರ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ ತನ್ನ ಮೊದಲ ನಿಯಮಗಳನ್ನು ಹೊರತಂದಿತು. ಆಯುಧ, ಕವಚ, ದಣಿವು, ಧೈರ್ಯ ಇವೆಲ್ಲಕ್ಕೂ ಅಂಕಿಗಳಿದ್ದ ಈ ನಿಯಮಗಳು ಆವೃತ್ತಿಯಿಂದ ಆವೃತ್ತಿಗೆ ಭಾರವಾದವು. ಒಂದು ಮಧ್ಯಾಹ್ನದಲ್ಲಿ ಆಟ ಮುಗಿಯದೆ ಲೆಕ್ಕವೇ ಉಳಿದುಬಿಡುತ್ತಿತ್ತು. 1990ರಲ್ಲಿ ಬಾರ್ಕರ್, ರಿಚರ್ಡ್ ಬಾಡ್ಲಿ ಸ್ಕಾಟ್ ಜೊತೆಗೂಡಿ ತಂದ ಡಿ.ಬಿ.ಎ. ಎಂಬ ನಿಯಮಪುಸ್ತಕ ಇದಕ್ಕೆ ವಿರುದ್ಧ ದಿಕ್ಕಿನ ಹೆಜ್ಜೆ: ಪ್ರತಿ ಪಕ್ಷಕ್ಕೆ ಹನ್ನೆರಡೇ ತುಕಡಿ, ಎರಡಡಿ ಚೌಕದ ನೆಲ, ಸುಮಾರು ಒಂದು ಗಂಟೆಯ ಆಟ. ನಂತರ ವಾರ್‌ಹ್ಯಾಮರ್ ಏನ್ಷಿಯಂಟ್ ಬ್ಯಾಟಲ್ಸ್ (1998), ಫೀಲ್ಡ್ ಆಫ್ ಗ್ಲೋರಿ (2008), ಹೇಲ್ ಸೀಸರ್ (2011) ಮುಂತಾದವು ಬಂದವು.

ಮೇಜಿನ ಮೇಲಿನ ಸೇನೆ ನಿಜದ ಸೇನೆಯ ನೇರ ಕಿರುರೂಪವಲ್ಲ ಎಂಬುದು ಒಂದು ಸಣ್ಣ ಲೆಕ್ಕದಿಂದಲೇ ಗೊತ್ತಾಗುತ್ತದೆ. ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್‌ನ ಹಳೆಯ ನಿಯಮಗಳಲ್ಲಿ ಒಂದು ಗೊಂಬೆ ಇಪ್ಪತ್ತು ಸೈನಿಕರಿಗೆ ಸಮ. ಒತ್ತಾಗಿ ನಿಂತ ಕಾಲಾಳು ಗೊಂಬೆಗೆ 15 ಮಿಲಿಮೀಟರ್ ಅಗಲದ ತಳ. ಆ ಇಪ್ಪತ್ತು ಜನ ಐವರಂತೆ ನಾಲ್ಕು ಸಾಲಾಗಿ, ತಲಾ 90 ಸೆಂಟಿಮೀಟರ್ ಜಾಗದಲ್ಲಿ ನಿಂತರೆ ಅಗಲ ನಾಲ್ಕೂವರೆ ಮೀಟರ್. ಅಂದರೆ ನೆಲದ ಪ್ರಮಾಣ 1:300. ಅದೇ ಗೊಂಬೆ 28 ಮಿಲಿಮೀಟರ್ ಎತ್ತರದ್ದಾದರೆ ಅದರ ಪ್ರಮಾಣ ಸುಮಾರು 1:60. ಸೈನಿಕ ತಾನು ನಿಂತ ನೆಲಕ್ಕಿಂತ ಐದು ಪಟ್ಟು ದೊಡ್ಡವನು! ಗುಡ್ಡಗಳ ಎತ್ತರವನ್ನು ಉಬ್ಬಿಸಿ ತೋರಿಸುವ ಉಬ್ಬುನಕ್ಷೆಯನ್ನು ಸುಳ್ಳೆಂದು ಯಾರೂ ದೂರುವುದಿಲ್ಲ. ಈ ಉಬ್ಬರವನ್ನೂ ಹಾಗೆಯೇ ತಿಳಿದು ಓದಿಕೊಳ್ಳಬೇಕಾಗುತ್ತದೆ. 6, 10, 15 ಮಿಲಿಮೀಟರ್ ಗೊಂಬೆಗಳು ಈ ವ್ಯತ್ಯಾಸವನ್ನು ಕಡಿಮೆ ಮಾಡುತ್ತವೆ. ಅವುಗಳಲ್ಲಿ ಸೇನೆ ಸೇನೆಯಂತೆ ಕಾಣುತ್ತದೆ, ಸೈನಿಕನ ಮುಖ ಮಾತ್ರ ಕಾಣುವುದಿಲ್ಲ. 28ರಲ್ಲಿ ಮುಖ ಕಾಣುತ್ತದೆ, ಸೇನೆ ಗುಂಪಾಗಿಬಿಡುತ್ತದೆ.

ಬಣ್ಣದ ಕೆಲಸವನ್ನು ಆಟದ ಪೂರ್ವತಯಾರಿ ಎಂದಷ್ಟೇ ತಿಳಿಯುವುದು ತಪ್ಪು. ಅನೇಕರಿಗೆ ಹವ್ಯಾಸದ ಬಹುಪಾಲು ಹೊತ್ತು ಹೋಗುವುದು ಕುಂಚದ ಜೊತೆಗೇ, ಒಮ್ಮೆಯೂ ದಾಳ ಹಾಕದೆ ಸೇನೆ ಕಟ್ಟುವವರೂ ಇದ್ದಾರೆ. ಮೊದಲು ಅಚ್ಚಿನ ಎರಡು ಭಾಗ ಕೂಡಿದಲ್ಲಿ ಉಳಿದ ಗೆರೆಯನ್ನು ಅರದಿಂದ ಉಜ್ಜಿ, ಸೋಪುನೀರಲ್ಲಿ ತೊಳೆದು, ಪ್ರೈಮರ್ ಹೊಡೆಯುತ್ತಾರೆ. ಅದರ ಮೇಲೆ ಮೂಲಬಣ್ಣ. ಆಮೇಲೆ ನೀರಾದ ಕಂದು ಬಣ್ಣವನ್ನು ತೊಡೆದರೆ ಅದು ಮಡಿಕೆಗಳಲ್ಲಿ ಇಳಿದು ನೆರಳಾಗಿ ನಿಲ್ಲುತ್ತದೆ. ಕೊನೆಗೆ ಉಬ್ಬಿದ ಭಾಗಗಳಿಗೆ, ಅಂದರೆ ಮೂಗು, ಕೆನ್ನೆ, ಮೊಣಕಾಲು, ಬಟ್ಟೆಯ ನೆರಿಗೆಯ ಅಂಚುಗಳಿಗೆ ಮೂಲಕ್ಕಿಂತ ತಿಳಿಯಾದ ಬಣ್ಣ. ಎಲ್ಲ ಒಣಗಿದ ಮೇಲೆ ವಾರ್ನಿಶ್. ತಳಕ್ಕೆ ಅಂಟು ಹಚ್ಚಿ ಮರಳು, ಒಣಹುಲ್ಲಿನ ಬಣ್ಣದ ನಾರಿನ ಪುಡಿ ಉದುರಿಸುತ್ತಾರೆ. ನೆರಳನ್ನು ಬಣ್ಣದಿಂದಲೇ ಬರೆಯಬೇಕಾದದ್ದು ಏಕೆಂದರೆ ಹೆಬ್ಬೆರಳಿಗಿಂತ ಚಿಕ್ಕದಾದ ವಸ್ತುವಿನ ಮೇಲೆ ಕೋಣೆಯ ಬೆಳಕು ಸಾಕಷ್ಟು ಆಳದ ನೆರಳು ಹುಟ್ಟಿಸುವುದಿಲ್ಲ. ಗೊಂಬೆ ಚಿಕ್ಕದಾದಷ್ಟೂ ಬಣ್ಣವನ್ನು ತಿಳಿಗೊಳಿಸಬೇಕು, ಇಲ್ಲದಿದ್ದರೆ ಮೂರಡಿ ದೂರದಿಂದ ಇಡೀ ಸೇನೆ ಕಪ್ಪು ಮುದ್ದೆಯಾಗಿ ತೋರುತ್ತದೆ. ಹೀಗೆ ಕುಂಚ ಹಿಡಿದವನು ಸೈನಿಕನ ಬಣ್ಣವನ್ನು ಹಚ್ಚುವುದಿಲ್ಲ, ಸೈನಿಕನನ್ನು ದೂರದಿಂದ ಕಂಡವನ ನೋಟವನ್ನು ಹಚ್ಚುತ್ತಾನೆ.

ಆ ಬಣ್ಣಗಳಿಗೆ ಆಧಾರವೇನು? ಕೆಲವು ಕಡೆ ಅದೃಷ್ಟ ಚೆನ್ನಾಗಿದೆ. ಸಿಡಾನ್‌ನಲ್ಲಿ 1887ರಲ್ಲಿ ಸಿಕ್ಕಿ ಈಗ ಇಸ್ತಾಂಬುಲ್‌ನಲ್ಲಿರುವ ಅಲೆಕ್ಸಾಂಡರ್ ಶವಪೆಟ್ಟಿಗೆಯ ಕೆತ್ತನೆಗಳಲ್ಲಿ ಬಣ್ಣದ ಕುರುಹು ಉಳಿದಿದೆ. ಥೆಸಲೊನಿಕಿ ಬಳಿಯ ಅಗಿಯೊಸ್ ಅಥನಾಸಿಯೊಸ್ ಸಮಾಧಿಯ ಭಿತ್ತಿಯಲ್ಲಿ ಮ್ಯಾಸಿಡೋನಿಯದ ಸೈನಿಕರು ಚಿತ್ರಿತ ಗುರಾಣಿಗಳೊಂದಿಗೆ ನಿಂತಿದ್ದಾರೆ. ಸಿರಿಯಾದ ಡ್ಯುರಾ ಯೂರೋಪಸ್‌ನಲ್ಲಿ ಸಿಕ್ಕ ಮೂರನೇ ಶತಮಾನದ ರೋಮನ್ ಗುರಾಣಿಯ ಮೇಲೆ ಗರುಡ, ಸಿಂಹಗಳ ಚಿತ್ರ ಇನ್ನೂ ಇದೆ. ಮತ್ತೆ ಕೆಲವು ಕಡೆ ಆಧಾರವೇ ಜಾರುನೆಲ. ಕೊನೆಗಾಲದ ರೋಮನ್ ದಳಗಳ ಗುರಾಣಿ ಲಾಂಛನಗಳಿಗೆ ಎಲ್ಲರೂ ಮೊರೆಹೋಗುವುದು 'ನೊಟಿಶಿಯಾ ಡಿಗ್ನಿಟಾಟಮ್' ಎಂಬ ಅಧಿಕಾರಪಟ್ಟಿಗೆ. ಆದರೆ ನಮ್ಮ ಕೈಯಲ್ಲಿರುವುದು ಮೂಲಪಟ್ಟಿಯ ಕಾಲಕ್ಕೆ ಸಾವಿರ ವರ್ಷಗಳ ನಂತರ, ಈಗ ಕಳೆದುಹೋದ ಮಧ್ಯಯುಗದ ಒಂದು ಪ್ರತಿಯಿಂದ ಮಾಡಿದ ನಕಲುಗಳು. ನಡುವೆ ಎಷ್ಟು ಕುಂಚಗಳು ತಮ್ಮ ಬುದ್ಧಿ ತೋರಿದವೋ. ರೋಮನ್ ಸೈನಿಕನ ಅಂಗಿ ಕೆಂಪೋ, ಬಿಳಿಯ ಕೋರಾ ಬಟ್ಟೆಯೋ ಎಂಬ ವಾದವೂ ಮುಗಿದಿಲ್ಲ. ಸಿನಿಮಾ ನೋಡಿದವರೆಲ್ಲ ಕೆಂಪು ಎನ್ನುತ್ತಾರೆ.

ಭಾರತದ ಓದುಗರಿಗೆ ಹತ್ತಿರದ ಉದಾಹರಣೆಯೆಂದರೆ ಕ್ರಿ.ಪೂ. 326ರಲ್ಲಿ ಝೀಲಂ ದಡದಲ್ಲಿ ಅಲೆಕ್ಸಾಂಡರನನ್ನು ಎದುರಿಸಿದ ಪೋರಸನ ಸೇನೆ. ಅದರ ಬಿಲ್ಲುಗಾರನೊಬ್ಬನಿಗೆ ಬಣ್ಣ ಹಚ್ಚಲು ಕೂತವನ ಮುಂದೆ ಮೂರು ಬಗೆಯ ಸಾಕ್ಷ್ಯಗಳಿವೆ. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಕಂಡು ಬರೆದದ್ದನ್ನು ಸುಮಾರು ನಾಲ್ಕೂವರೆ ಶತಮಾನಗಳ ನಂತರ ಅರ್ರಿಯನ್ ತನ್ನ 'ಇಂಡಿಕಾ'ದಲ್ಲಿ ಎತ್ತಿಕೊಂಡ: ಆಳೆತ್ತರದ ಬಿಲ್ಲು, ಅದನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುವ ರೀತಿ, ಹತ್ತಿಯ ಬಟ್ಟೆ, ಬಿಳಿ ಚರ್ಮದ ಪಾದರಕ್ಷೆ, ಮತ್ತು ಬಿಳಿ, ನೀಲಿ, ಕೆಂಪು, ನೇರಳೆ, ಹಸಿರು ಬಣ್ಣ ಬಳಿದ ಗಡ್ಡಗಳು. ಎರಡನೆಯದು, ಆ ಕಾಲಕ್ಕೆ ಅತಿ ಸಮೀಪದ್ದೆಂದು ಬಹುಮಂದಿ ಒಪ್ಪುವ ಬೆಳ್ಳಿ ನಾಣ್ಯಗಳು. ಅವುಗಳ ಮೇಲೆ ಎತ್ತರದ ಬಿಲ್ಲಿನ ಭಟನೂ ಆನೆಯೂ ರಥವೂ ಇವೆ. ಮೂರನೆಯದು ಸಾಂಚಿಯ ತೋರಣದ ಕೆತ್ತನೆಗಳು. ಗುರಾಣಿ, ಸೊಂಟದ ಬಟ್ಟೆ, ತಲೆಯ ಕಟ್ಟು ಎಲ್ಲ ಅಲ್ಲಿ ಸ್ಪಷ್ಟವಾಗಿವೆ, ಆದರೆ ಅವು ಸುಮಾರು ಮೂರು ಶತಮಾನ ಈಚಿನವು, ಎಡೆಯೂ ನೂರಾರು ಮೈಲಿ ದೂರದ್ದು. ನಿಯಾರ್ಕಸ್ ಹೇಳಿದ ಬಣ್ಣದ ಗಡ್ಡ ಸಾಮಾನ್ಯ ಭಟನದೋ, ಕೊಡೆ ಹಿಡಿಸಿಕೊಂಡು ನಡೆಯುವ ಸಿರಿವಂತನದೋ? ಬಹುತೇಕರು ಗಡ್ಡಕ್ಕೆ ಕಪ್ಪು ಹಚ್ಚಿ ಮುಗಿಸುತ್ತಾರೆ. ನೀಲಿ ಗಡ್ಡ ಹಚ್ಚಿದವನನ್ನು ಎದುರಾಳಿ ಗೇಲಿ ಮಾಡಿಯಾನು, ಆದರೆ ಗ್ರಂಥದ ಆಧಾರ ಇರುವುದು ನೀಲಿಗೇ ಹೊರತು ಎಲ್ಲರಿಗೂ ಕಪ್ಪೆಂಬ ತೀರ್ಮಾನಕ್ಕಲ್ಲ.

ಅದೇ ಸೇನೆಯನ್ನು ಮೇಜಿನ ಮೇಲೆ ನಿಲ್ಲಿಸಹೊರಟಾಗ ತೊಡಕು ಇನ್ನೂ ಬಿಗಿಯಾಗುತ್ತದೆ. ಅರ್ರಿಯನ್ ಪ್ರಕಾರ ಪೋರಸನಲ್ಲಿ 30,000 ಕಾಲಾಳು, 4,000 ಕುದುರೆ, 300 ರಥ, 200 ಆನೆ. ಡಯೋಡೊರಸ್ 50,000 ಕಾಲಾಳು, ಸಾವಿರಕ್ಕೂ ಹೆಚ್ಚು ರಥ, 130 ಆನೆ ಎನ್ನುತ್ತಾನೆ. ಕರ್ಟಿಯಸ್‌ನ ಲೆಕ್ಕದಲ್ಲಿ ಆನೆ 85. ಪ್ಲೂಟಾರ್ಕ್ ಕಾಲಾಳುಗಳನ್ನು 20,000ಕ್ಕೆ ಇಳಿಸುತ್ತಾನೆ. ಪುಸ್ತಕದಲ್ಲಿ ಇವನ್ನೆಲ್ಲ ಅಡಿಟಿಪ್ಪಣಿಗೆ ತಳ್ಳಿಬಿಡಬಹುದು. ಆದರೆ ಆನೆಗಳ ನಡುವೆ ಕನಿಷ್ಠ ನೂರಡಿ ಅಂತರವಿತ್ತು ಎಂದು ಅದೇ ಅರ್ರಿಯನ್ ಹೇಳುತ್ತಾನೆ. ಇನ್ನೂರು ಆನೆಗಳು ಹಾಗೆ ನಿಂತರೆ ಸಾಲು ಆರು ಕಿಲೋಮೀಟರ್ ಉದ್ದ. ಅದರ ಹಿಂದೆ 30,000 ಕಾಲಾಳುಗಳನ್ನು ಹರಡಿದರೆ ದಪ್ಪ ನಾಲ್ಕೈದು ಸಾಲು ಮಾತ್ರ. ಮ್ಯಾಸಿಡೋನಿಯದ ಹದಿನಾರು ಸಾಲಿನ ಈಟಿಪಡೆಯ ಎದುರು ಅದು ಪರದೆಯಷ್ಟು ತೆಳು. ಕರ್ಟಿಯಸ್‌ನ 85 ಆನೆಗಳನ್ನು ಒಪ್ಪಿದರೆ ಸಾಲು ಎರಡೂವರೆ ಕಿಲೋಮೀಟರಿಗೆ ಕುಗ್ಗುತ್ತದೆ, ಕಾಲಾಳುಗಳ ದಪ್ಪ ಹತ್ತು ದಾಟುತ್ತದೆ, ಪೋರಸನ ಯೋಜನೆ ಕಾಣುವ ಬಗೆಯೇ ಬೇರೆಯಾಗುತ್ತದೆ. ಒಂದಷ್ಟು ಕಾಲಾಳುಗಳು ಆನೆಗಳಿಂದಾಚೆ ಪಕ್ಕಗಳಲ್ಲೂ ಇದ್ದರೆಂಬುದನ್ನು ಸೇರಿಸಿದರೆ ಆರು ಕಿಲೋಮೀಟರಿನ ಸಾಲು ಇನ್ನಷ್ಟು ಅಳ್ಳಕವಾಗುತ್ತದೆ. 1:300ರಲ್ಲಿ ಆರು ಕಿಲೋಮೀಟರಿಗೆ ಇಪ್ಪತ್ತು ಮೀಟರ್ ಉದ್ದದ ಮೇಜು ಬೇಕು; ಆರಡಿಯ ಸಾಮಾನ್ಯ ಮೇಜಿನಲ್ಲಿ ಹಿಡಿಯುವುದು ಅರ್ಧ ಕಿಲೋಮೀಟರಿಗೆ ತುಸು ಹೆಚ್ಚು. ಡಿ.ಬಿ.ಎ.ಯಂಥ ಆಟಗಳು ತಲೆ ಎಣಿಸುವುದನ್ನು ಬಿಟ್ಟು ಇಡೀ ಸೇನೆಯನ್ನು ಹನ್ನೆರಡು ತುಕಡಿಗಳಾಗಿ ಕಂಡದ್ದಕ್ಕೆ ಇಂಥ ಲೆಕ್ಕಗಳೂ ಕಾರಣ.

ನಿಯಮಪುಸ್ತಕ ಎಂಬುದು, ಹಾಗೆ ನೋಡಿದರೆ, ಪ್ರಾಚೀನ ಯುದ್ಧ ಹೇಗೆ ನಡೆಯುತ್ತಿತ್ತು ಎಂಬುದರ ಬಗ್ಗೆ ಒಂದು ಸಿದ್ಧಾಂತ. ಆರಂಭದ ನಿಯಮಗಳಲ್ಲಿ ಪ್ರತಿ ಸುತ್ತಿನಲ್ಲೂ ಸತ್ತವರನ್ನು ಎಣಿಸಿ ತೆಗೆಯುತ್ತಿದ್ದರು. ಆದರೆ ಪ್ರಾಚೀನ ಕಾಳಗಗಳಲ್ಲಿ ಗೆದ್ದವರ ಸಾವು ಸಾಮಾನ್ಯವಾಗಿ ಕಡಿಮೆ. ಹತ್ಯೆಯ ಬಹುಭಾಗ ನಡೆದದ್ದು ಸಾಲು ಒಡೆದು ಓಡತೊಡಗಿದ ಮೇಲೆ. ಇದನ್ನು ಮನಗಂಡ ನಂತರದ ನಿಯಮಗಳು ಹೆಣಗಳ ಲೆಕ್ಕ ಬಿಟ್ಟು ಸಾಲಿನ ಕಟ್ಟು ಸಡಿಲವಾಗುವುದನ್ನು ಅಳೆಯತೊಡಗಿದವು. ಡಿ.ಬಿ.ಎ.ಯಲ್ಲಿ ಸರದಿ ಬಂದಾಗ ಸೇನಾಪತಿ ಒಂದು ದಾಳ ಹಾಕುತ್ತಾನೆ; ಬಿದ್ದ ಅಂಕಿಯಷ್ಟೇ ತುಕಡಿಗಳನ್ನೋ ಗುಂಪುಗಳನ್ನೋ ಅವನು ನಡೆಸಬಹುದು. ಒಟ್ಟಾಗಿರುವ ಸಾಲು ಒಂದೇ ಅಪ್ಪಣೆಗೆ ಕದಲುತ್ತದೆ, ಚದುರಿದ ಸೇನೆ ಒಂದು ಬಿದ್ದ ದಿನ ಕಲ್ಲಾಗುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಫಿಲಿಪ್ ಸೇಬಿನ್ 2007ರ 'ಲಾಸ್ಟ್ ಬ್ಯಾಟಲ್ಸ್' ಗ್ರಂಥದಲ್ಲಿ ಹತ್ತಾರು ಪ್ರಾಚೀನ ಕಾಳಗಗಳನ್ನು ಒಂದೇ ಮಾದರಿಯಲ್ಲಿ ಆಡಿ, ಯಾವ ಸಂಖ್ಯೆ, ಯಾವ ವಿವರಣೆ ಉಳಿದವುಗಳ ಜೊತೆ ಹೊಂದುತ್ತದೆ ಎಂದು ತೂಗಿನೋಡಿದರು. ಹವ್ಯಾಸಿಗಳ ಮೇಜಿನಿಂದ ವಿದ್ವತ್ತಿನ ಕಡೆಗೆ ಸಾಗಿದ ದಾರಿ ಇದು.

ಇದಕ್ಕೆ ಗಟ್ಟಿ ಆಕ್ಷೇಪವೊಂದಿದೆ. ಹ್ಯಾನಿಬಲ್ ಕ್ಯಾನೆಯಲ್ಲಿ ಗೆಲ್ಲುವಂತೆ ನಿಯಮ ಬರೆದು, ಆಮೇಲೆ ಮೇಜಿನ ಮೇಲೆ ಅವನು ಗೆದ್ದಾಗ ನಿಯಮ ಸರಿಯಿದೆ ಎನ್ನುವುದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಂತಲ್ಲವೇ? ಒಂದೇ ಕಾಳಗಕ್ಕಷ್ಟೇ ನಿಯಮ ಹೊಲಿದರೆ ಈ ದೂರು ಪೂರ್ತಿ ನಿಜ. ಆದರೆ ಕ್ಯಾನೆಗೆ ಹೊಲಿದ ಅಂಗಿ ಝಾಮಾ, ಸಿನೊಸೆಫಲೆ ಕಾಳಗಗಳಿಗೂ ಹೊಂದಬೇಕೆಂದು ಹಟ ಹಿಡಿದಾಗ ಸುತ್ತಿನ ವಾದ ಮುರಿಯುತ್ತದೆ. ಸೊಸೈಟಿ ಆಫ್ ಏನ್ಷಿಯಂಟ್ಸ್ ನಡೆಸುವ ಯುದ್ಧದಿನದಂದು ಹಲವು ಮೇಜುಗಳಲ್ಲಿ ಒಂದೇ ಕಾಳಗವನ್ನು ಬೇರೆಬೇರೆ ನಿಯಮಗಳಲ್ಲಿ ಆಡುತ್ತಾರೆ. ಅಲ್ಲಿ ಗಮನಿಸಬೇಕಾದದ್ದು ಯಾರು ಗೆದ್ದರೆಂಬುದಕ್ಕಿಂತ, ಒಂದೇ ಗ್ರಂಥ ಓದಿದವರು ಬಿಲ್ಲುಗಾರರನ್ನು ಎಷ್ಟು ಭಿನ್ನವಾಗಿ ನಿಲ್ಲಿಸಿದರೆಂಬುದು. ಆಟ ಯಾವುದನ್ನೂ ಸಾಬೀತು ಮಾಡದು. ಒಂದು ವಿವರಣೆಯ ಒಳಗಿನ ಅಂಕಿಗಳು ಒಂದಕ್ಕೊಂದು ಕೂಡುವುದಿಲ್ಲ ಎಂಬುದನ್ನು ತೋರಿಸಬಲ್ಲದು. ಪಾಲಿಬಿಯಸ್ ಪ್ರಕಾರ ರೋಮನ್ ಭಟ ಕತ್ತಿ ಬೀಸಲು ಆರಡಿ ಜಾಗ ಬೇಕು, ವೆಜಿಟಿಯಸ್ ಪ್ರಕಾರ ಮೂರೇ ಅಡಿ ಸಾಕು. ಎರಡನ್ನೂ ಒಪ್ಪಿದವನು ತಳದ ಹಲಗೆ ಕತ್ತರಿಸುವ ಹೊತ್ತಿಗೆ ಸಿಕ್ಕಿಬೀಳುತ್ತಾನೆ. ಇನ್ನು ದಾಳ ಬಂದ ಮೇಲೆ ಇತಿಹಾಸವೆಲ್ಲಿ ಎಂಬ ದೂರು ಇಷ್ಟು ಗಟ್ಟಿಯಲ್ಲ. ಝೀಲಂ ದಡದಲ್ಲಿ ಹಿಂದಿನ ರಾತ್ರಿಯ ಮಳೆಗೆ ನೆಲ ಕೆಸರಾಗಿ ರಥಗಳು ಹೂತುಹೋದದ್ದೂ ಯಾರ ಯೋಜನೆಯೂ ಆಗಿರಲಿಲ್ಲ. ಎಲ್ಲವೂ ಸೇನಾಪತಿ ಎಣಿಸಿದಂತೆ ನಡೆಯುವ ಆಟವೇ ಹೆಚ್ಚು ಸುಳ್ಳು ಹೇಳುತ್ತದೆ.

ಯುದ್ಧವನ್ನು ವಿನೋದವಾಗಿಸುವುದು ಸರಿಯೇ ಎಂಬ ಪ್ರಶ್ನೆಯನ್ನು ವೆಲ್ಸ್ ತಾನೇ ಎತ್ತಿಕೊಂಡಿದ್ದ. ಮೇಜಿನ ಮೇಲಿನ ಅವ್ಯವಸ್ಥೆಯನ್ನು ಕಂಡವನಿಗೆ ನಿಜವಾದ ಮಹಾಯುದ್ಧ ಎಂಥ ಮೂರ್ಖತನವಾದೀತೆಂದು ಅರಿವಾಗುತ್ತದೆ ಎಂಬುದು ಅವನ ವಾದ; ಮರುವರ್ಷವೇ ಮಹಾಯುದ್ಧ ಬಂತು. ಅವನ ಸಮರ್ಥನೆ ಅರ್ಧದವರೆಗೆ ಮಾತ್ರ ನಿಲ್ಲುತ್ತದೆ. ಗೊಂಬೆಗೆ ನೋವಿಲ್ಲ, ನಿಜ. ಆದರೆ ಮೇಜಿನ ಮೇಲೆ ಇಲ್ಲದವರ ಪಟ್ಟಿ ಉದ್ದ: ಸಾಮಾನು ಹೊತ್ತ ಆಳುಗಳು, ಬೀಡಿನ ಹೆಂಗಸರು, ಸೆರೆಯಾಗಿ ಗುಲಾಮರಾದವರು, ಪೈರು ಸುಟ್ಟುಹೋದ ರೈತರು. ಸಾಲು ಒಡೆದ ತುಕಡಿಯನ್ನು ಎತ್ತಿ ಪೆಟ್ಟಿಗೆಯಲ್ಲಿಟ್ಟರೆ ಆಟ ಮುಗಿಯಿತು, ಪ್ರಾಚೀನ ಜಗತ್ತಿನಲ್ಲಿ ಅತ್ಯಂತ ಭೀಕರವಾದುದು ಶುರುವಾಗುತ್ತಿದ್ದದ್ದು ಆ ಗಳಿಗೆಯಿಂದಲೇ. ಈ ಆಕ್ಷೇಪಕ್ಕೆ ಹವ್ಯಾಸದ ಬಳಿ ಪೂರ್ಣ ಉತ್ತರವಿಲ್ಲ.

ಬೇರೊಂದು ಕೊರತೆ ಭಾರತದ ಕಡೆಯಿಂದ ನೋಡಿದಾಗ ಎದ್ದು ಕಾಣುತ್ತದೆ. ಯಾವ ಸೇನೆಯಲ್ಲಿ ಯಾವ ಬಗೆಯ ತುಕಡಿ ಎಷ್ಟಿರಬಹುದೆಂದು ಹೇಳುವ ಆರ್ಮಿ ಲಿಸ್ಟ್‌ಗಳು ಈ ಆಟದ ಬೆನ್ನೆಲುಬು. ಗ್ರೀಕರಿಗೆ, ರೋಮನ್ನರಿಗೆ ಕೆಲವು ದಶಕಗಳಿಗೊಂದರಂತೆ ಪಟ್ಟಿಗಳಿವೆ. ಡಿ.ಬಿ.ಎ. ಬಳಗದ ನಿಯಮಗಳಲ್ಲಿ ಕ್ರಿ.ಶ. 545ರಿಂದ ಮುಂದಿನ ಸುಮಾರು ಸಾವಿರ ವರ್ಷಗಳ ಹಿಂದೂ ರಾಜ್ಯಗಳಿಗೆ ಇರುವುದು ಒಂದೇ ಪಟ್ಟಿ. ಬಾದಾಮಿ ಚಾಲುಕ್ಯರು, ಪಲ್ಲವರು, ರಾಷ್ಟ್ರಕೂಟರು, ಚೋಳರು ಎಲ್ಲರೂ ಅದರೊಳಗೇ. ಇಮ್ಮಡಿ ಪುಲಕೇಶಿಯ ನಾಡಿನ ಬಗ್ಗೆ ಬರೆದ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್, ಕಾಳಗಕ್ಕೆ ಮುನ್ನ ಮದ್ಯ ಕುಡಿಯುವ ನೂರಾರು ವೀರರನ್ನೂ ಮದ್ಯ ಕುಡಿಸಿದ ಆನೆಗಳನ್ನೂ ಹೇಳುತ್ತಾನೆ. ಇದು ನೇರವಾಗಿ ನಿಯಮಕ್ಕಿಳಿಸಬಹುದಾದ ವಿವರ, ಪಲ್ಲವರಿಗೋ ಚೋಳರಿಗೋ ಅದನ್ನು ಕಣ್ಣುಮುಚ್ಚಿ ಅಂಟಿಸುವಂತಿಲ್ಲ. ಉಡುಪು, ಬಿಲ್ಲು, ಗುರಾಣಿಗಳ ಆಕಾರಕ್ಕೆ ಕರ್ನಾಟಕದ ವೀರಗಲ್ಲುಗಳಷ್ಟು ಹೇರಳವಾದ, ಬಹಳಷ್ಟು ಕಡೆ ಶಾಸನದಿಂದಲೇ ಕಾಲ ಗೊತ್ತಾಗುವ ಆಕರ ಬೇರೆಡೆ ಅಪರೂಪ. ಪಾಶ್ಚಾತ್ಯ ನಿಯಮಕಾರರು ಅವನ್ನು ಬಳಸಿದ್ದು ತೀರ ಕಡಿಮೆ. 949ರ ತಕ್ಕೋಲಂ ಕಾಳಗವನ್ನು ಆಡಹೊರಟವನು ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಕುಮಾರ ರಾಜಾದಿತ್ಯನಿಗೂ ಒಂದೇ ಪಟ್ಟಿಯಿಂದ ಸೇನೆ ಆರಿಸಬೇಕು. ರಾಜಾದಿತ್ಯ ಸತ್ತ ಬಗೆಯನ್ನೂ ಅವನೇ ತೀರ್ಮಾನಿಸಬೇಕು: ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಆ ಕೀರ್ತಿಯನ್ನು ಗಂಗರ ಬೂತುಗನಿಗೆ ಕೊಡುತ್ತದೆ, ಚೋಳರ ಲೈಡನ್ ತಾಮ್ರಪಟದಲ್ಲಿ ರಾಜಾದಿತ್ಯ ಆನೆಯ ಮೇಲೆ ಕೂತಿದ್ದಾಗ ಎದೆಗೆ ನಾಟಿದ್ದು ಕೃಷ್ಣನ ಬಾಣ. ಮೊದಲನೆಯದನ್ನು ಒಪ್ಪಿದರೆ ಗಂಗರ ಪಡೆಯನ್ನು ಚೋಳ ಸೇನಾಪತಿಯ ಆನೆಗೆ ತಾಗುವಷ್ಟು ಹತ್ತಿರ ನಿಲ್ಲಿಸಬೇಕಾಗುತ್ತದೆ, ಎರಡನೆಯದನ್ನು ಒಪ್ಪಿದರೆ ಬಿಲ್ಲಿನಳವಿಯಷ್ಟು ದೂರವಿದ್ದರೂ ನಡೆದೀತು.